ಹೊಸ ಡಿರೇಲರ್ ಕೈಕೊಟ್ಟರೆ ಮೊದಲು ಸ್ಕ್ರೂ ಮುಟ್ಟಬೇಡಿ

ಶನಿವಾರ ರಾತ್ರಿ ಹನ್ನೊಂದು ಗಂಟೆ. ಮಹಡಿ ಮೆಟ್ಟಿಲಿನ ಕಂಬಿಗೆ ಹಗ್ಗ ಕಟ್ಟಿ, ಸೀಟಿನ ಮೂತಿ ಸಿಕ್ಕಿಸಿ ಸೈಕಲ್ ತೂಗುಹಾಕಿದ್ದೆ. 3×8 ಗೇರಿನ (ಮುಂದೆ ಮೂರು ಹಲ್ಲುಚಕ್ರ, ಹಿಂದೆ ಎಂಟು) ಹಳೇ ಮೌಂಟನ್ ಬೈಕನ್ನು 1×10 ಮಾಡಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹೊಸ ಡಿರೇಲರ್ ಕೂರಿಸುವ ಕೆಲಸ ಮುಗಿದಿತ್ತು. ಬೆಳಿಗ್ಗೆ ಬೆಂಗಳೂರಿನ ತುರಹಳ್ಳಿ ಕಾಡಿನ ಕಡೆ ಬರುತ್ತೇನೆಂದು ಗೆಳೆಯರಿಗೆ ಮಾತು ಕೊಟ್ಟೂ ಆಗಿತ್ತು. ಪೆಡಲ್ ತಿರುಗಿಸಿದರೆ ಯಾವ ಗೇರಿಗೆ ಹಾಕಿದರೂ ಕರಕರ. ಸ್ಕ್ರೂಡ್ರೈವರ್ ಹಿಡಿದು ಕೂತೆ. ಒಂದು ಸ್ಕ್ರೂ ಕಾಲು ಸುತ್ತು ಆಚೆ, ಇನ್ನೊಂದು ಅರ್ಧ ಸುತ್ತು ಈಚೆ. ಒಂದು ಗಂಟೆಯಾಗುವಷ್ಟರಲ್ಲಿ ಸದ್ದು ಹಾಗೇ ಉಳಿದಿತ್ತು, ಅಷ್ಟೊತ್ತೂ ನೆಟ್ಟಗೆ ಬೀಳುತ್ತಿದ್ದ ಗೇರುಗಳೂ ಕೆಟ್ಟಿದ್ದವು.

ಬೆಳಿಗ್ಗೆ ಬೀದಿ ಕೊನೆಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಗೇರಿಲ್ಲದ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ ತಲೆ ನೆರೆಸಿಕೊಂಡ ಅಣ್ಣ ಆತ. ಹಿಂದಿನ ಚಕ್ರ ಎತ್ತಿ ಒಂದು ಸುತ್ತು ಪೆಡಲ್ ತಿರುಗಿಸಿ, ಬಗ್ಗಿ ನೋಡಿ ಹೇಳಿದ್ದು ಇಷ್ಟೇ: "ಚೈನು ಎಲ್ಲೋ ತಗಲ್ತಾ ಇದೆ ಸಾರ್. ಅದಕ್ಕೆ ಸ್ಕ್ರೂ ಏನ್ ಮಾಡುತ್ತೆ?"

ನಿಜ. ಡಿರೇಲರಿನ ಎರಡು ಪುಟ್ಟ ಪುಲ್ಲಿಗಳ ನಡುವೆ ಒಂದು ಲೋಹದ ಕಿವಿ ಇರುತ್ತದೆ. ಚೈನು ಅದರ ಒಳಮಗ್ಗುಲಿನಲ್ಲಿ ಹಾಯಬೇಕು. ನಾನು ಹೊರಮಗ್ಗುಲಿನಲ್ಲಿ ಹಾಯಿಸಿ, ಚೈನಿನ ತುದಿಗಳನ್ನು ಜೋಡಿಸುವ ಕ್ವಿಕ್ ಲಿಂಕನ್ನೂ ಬಿಗಿದುಬಿಟ್ಟಿದ್ದೆ.

ಆಮೇಲೆ ನಾಲ್ಕಾರು ಗೆಳೆಯರ ಸೈಕಲ್ಲಿಗೆ ಕೈಹಾಕಿದ್ದೇನೆ. ಅಪ್‌ಗ್ರೇಡ್ ಆದ ಮೇಲೆ ಗೇರ್ ಸರಿಯಾಗಿ ಬೀಳುತ್ತಿಲ್ಲ ಅಂದರೆ ತಪ್ಪು ಹೆಚ್ಚಿನ ಸಲ ಡಿರೇಲರಿನದ್ದಾಗಿರುವುದಿಲ್ಲ, ಅದರ ಸ್ಕ್ರೂಗಳದ್ದೂ ಅಲ್ಲ. ಹಾಗಾಗಿ ನಾನು ನೋಡುವ ಸರದಿ ಹೀಗೆ: ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ, ಹ್ಯಾಂಗರ್ (ಡಿರೇಲರ್ ಸಿಕ್ಕಿಸುವ ತುಂಡು) ನೆಟ್ಟಗಿದೆಯೇ, ಡಿರೇಲರ್ ಸರಿಯಾಗಿ ಕೂತಿದೆಯೇ, ಚೈನಿನ ಉದ್ದ ಮತ್ತು ದಾರಿ, ಕೇಬಲ್. ಸ್ಕ್ರೂ ಎಲ್ಲದರ ಕೊನೆಗೆ.

ಡಬ್ಬ ಬಿಚ್ಚುವ ಮೊದಲು

ನಾನು ಹಾಕಿದ್ದು ಶಿಮಾನೊ ಡಿಯೋರ್ ಸಾಲಿನ 10 ಸ್ಪೀಡ್ ಸೆಟ್. ಎಂ4100 ಶಿಫ್ಟರ್ (ಹ್ಯಾಂಡಲಿನ ಮೇಲಿನ ಗೇರ್ ಲಿವರ್), 11ರಿಂದ 46 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ಎಂ5120 ಡಿರೇಲರ್, ಮುಂದೆ ಪೆಡಲಿನ ಬಳಿ 32 ಹಲ್ಲಿನ ಒಂದೇ ಚೈನ್‌ರಿಂಗ್. ಹಳೇ ಸೈಕಲ್ಲಿಗೆ ಇದು ಒಗ್ಗುವುದಕ್ಕೆ ಕಾರಣವಿದೆ. 8, 9, 10 ಸ್ಪೀಡಿನ ಮೌಂಟನ್ ಬೈಕ್ ಕ್ಯಾಸೆಟ್‌ಗಳೆಲ್ಲ ಒಂದೇ ಬಗೆಯ ಹೆಚ್‌ಜಿ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಕೂರುತ್ತವೆ. 11–51ರ 11 ಸ್ಪೀಡ್ ಡಿಯೋರ್ ಕೂಡ ಅದರ ಮೇಲೆಯೇ. 10–51ರ 12 ಸ್ಪೀಡ್ ಬೇಕೆಂದರೆ ಮೈಕ್ರೊ ಸ್ಪ್ಲೈನ್ ಎಂಬ ಬೇರೆ ಬಗೆಯ ಫ್ರೀಹಬ್ ಬೇಕು, ಅಂದರೆ ಹಬ್ಬೋ ಚಕ್ರವೋ ಬದಲಾಗಬೇಕು.

ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಗೇರ್ ಸೈಕಲ್ಲುಗಳಲ್ಲಿ ಇನ್ನೊಂದು ಬಲೆಯಿದೆ. 7 ಸ್ಪೀಡಿನ ಅನೇಕ ಸೈಕಲ್ಲುಗಳಲ್ಲಿ ಇರುವುದು ಕ್ಯಾಸೆಟ್ಟೇ ಅಲ್ಲ, ಹಬ್ಬಿನ ಥ್ರೆಡ್ಡಿಗೆ ತಿರುಗಿಸಿ ಕೂರಿಸಿದ ಫ್ರೀವ್ಹೀಲ್. ಅದರ ಜಾಗಕ್ಕೆ ಕ್ಯಾಸೆಟ್ ಬರುವುದಿಲ್ಲ. ಚಕ್ರ ಬಿಚ್ಚಿ, ಗೇರ್ ಗುಂಪನ್ನು ಹಿಂದಕ್ಕೆ ತಿರುಗಿಸಿ ನೋಡಿ. ಮಧ್ಯದ ಟೂಲ್ ಸಿಕ್ಕಿಸುವ ಕಚ್ಚು ಹಲ್ಲುಗಳ ಜೊತೆಗೇ ತಿರುಗಿದರೆ ಕ್ಯಾಸೆಟ್. ಹಲ್ಲುಗಳು ಮಾತ್ರ ತಿರುಗಿ ಕಚ್ಚು ನಿಂತಲ್ಲೇ ನಿಂತರೆ ಫ್ರೀವ್ಹೀಲ್. ಮುಂದಿನ ಚೈನ್‌ರಿಂಗ್‌ಗಳನ್ನೂ ನೋಡಿಕೊಳ್ಳಿ. ಬೋಲ್ಟಿನ ಬದಲು ರಿವೆಟ್ ಹೊಡೆದಿದ್ದರೆ ಅವನ್ನು ಬೇರ್ಪಡಿಸಲಾಗದು, ಪೆಡಲಿನ ತೋಳೂ ರಿಂಗೂ ಸೇರಿದ ಕ್ರ್ಯಾಂಕೇ ಬದಲಾಗಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಶಿಫ್ಟರಿನಲ್ಲಿ. "ಡಿರೇಲರ್ ಒಂದು ಹೊಸದು ಹಾಕೋಣ, ಶಿಫ್ಟರ್ ಹಳೆಯದೇ ಇರಲಿ" ಎನ್ನುವ ಉಳಿತಾಯದ ಲೆಕ್ಕ. ಅದು ಯಾಕೆ ಕೂಡುವುದಿಲ್ಲ ಅನ್ನುವುದು ಬರೀ ಗುಣಾಕಾರ. ಶಿಮಾನೊ 8 ಸ್ಪೀಡ್ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ. ಆ ಕಾಲದ ಡಿರೇಲರ್, ಎಳೆದ ಪ್ರತಿ ಮಿ.ಮೀ.ಗೆ ಸುಮಾರು 1.7 ಮಿ.ಮೀ. ಸರಿಯುತ್ತದೆ. ಗುಣಿಸಿದರೆ ಹತ್ತಿರ ಹತ್ತಿರ 4.8, ಅದೇ 8 ಸ್ಪೀಡಿನ ಕ್ಯಾಸೆಟ್ಟಿನ ಹಲ್ಲುಚಕ್ರಗಳ, ಅಂದರೆ ಕಾಗ್‌ಗಳ ನಡುವಿನ ದೂರ. 10 ಸ್ಪೀಡಿನ ಮೌಂಟನ್ ಬೈಕ್ ಡಿರೇಲರ್ ಸರಿಯುವುದು ಮಿ.ಮೀ.ಗೆ ಸುಮಾರು 1.2 ಮಾತ್ರ, ಅದರ ಕಾಗ್‌ಗಳ ದೂರ 3.95. ಹಳೇ ಶಿಫ್ಟರಿನಿಂದ ಎಳೆದರೆ ಕ್ಲಿಕ್ಕಿಗೆ 3.4ರಷ್ಟು ಸರಿದು ನಿಲ್ಲುತ್ತದೆ. ಪ್ರತಿ ಕ್ಲಿಕ್ಕಿಗೂ ಅರ್ಧ ಮಿ.ಮೀ.ಗಿಂತ ಹೆಚ್ಚು ಬಾಕಿ. ನಾಲ್ಕನೇ ಕ್ಲಿಕ್ಕಿನ ಹೊತ್ತಿಗೆ ಚೈನು ಎರಡು ಕಾಗ್‌ಗಳ ನಡುವೆ ತ್ರಿಶಂಕು.

ಶಿಮಾನೊ, ಸ್ರ್ಯಾಮ್ ಎಂಬ ಎರಡು ಕಂಪನಿಗಳ ಭಾಗ ಬೆರೆಸಿದರೂ ಇದೇ ಪಾಡು. ಈಚಿನ ಶಿಮಾನೊ ಕ್ಯೂಸ್ ಸೆಟ್ಟಿನ ಭಾಗಗಳನ್ನೂ ಡಿಯೋರ್ ಜೊತೆ ಕಲಸಬೇಡಿ, ಅವುಗಳ ಅಳತೆಯೇ ಬೇರೆ. ಶಿಫ್ಟರ್, ಡಿರೇಲರ್, ಕ್ಯಾಸೆಟ್, ಚೈನು ನಾಲ್ಕೂ ಒಂದೇ ಕುಟುಂಬದವಾಗಿರಲಿ.

ಹ್ಯಾಂಗರ್

ಹೆಚ್ಚಿನ ಸೈಕಲ್ಲುಗಳಲ್ಲಿ ಡಿರೇಲರ್ ಫ್ರೇಮಿಗೆ ನೇರವಾಗಿ ಕೂರುವುದಿಲ್ಲ, ನಡುವೆ ಹ್ಯಾಂಗರ್ ಎಂಬ ಚಿಕ್ಕ ಅಲ್ಯೂಮಿನಿಯಂ ತುಂಡಿರುತ್ತದೆ. ಬಿದ್ದಾಗ ಫ್ರೇಮಿನ ಬದಲು ತಾನು ಬಗ್ಗಲಿ ಎಂದೇ ಅದನ್ನು ಮೆದು ಮಾಡಿರುತ್ತಾರೆ. ಬಲಕ್ಕೆ ಬಿದ್ದ ಸೈಕಲ್, ಬಸ್ಸಿನ ಲಗೇಜ್ ಡಬ್ಬಿಯಲ್ಲಿ ಮಲಗಿ ಬಂದ ಸೈಕಲ್, ಗೋಡೆಗೆ ಬಲಮಗ್ಗುಲು ಒರಗಿಸಿಟ್ಟ ಸೈಕಲ್, ಯಾವುದರದ್ದಾದರೂ ಸರಿ ಹ್ಯಾಂಗರ್ ಒಂದಿಷ್ಟು ಒಳಕ್ಕೆ ಬಾಗಿರುತ್ತದೆ. 8 ಸ್ಪೀಡಿನಲ್ಲಿ ಆ ಬಾಗು ಗೊತ್ತೇ ಆಗುತ್ತಿರಲಿಲ್ಲ. ಕಾಗ್‌ಗಳು ಹತ್ತಿರವಾದ ಹಾಗೆ ಹಳೇ ಪಾಪವೆಲ್ಲ ಹೊರಬೀಳುತ್ತದೆ. "ಹಳೇ ಡಿರೇಲರ್ ಚೆನ್ನಾಗೇ ಇತ್ತು, ಹೊಸದೇ ಸರಿ ಇಲ್ಲ" ಎನ್ನುವವರ ಸೈಕಲ್ಲಿನಲ್ಲಿ ನಾನು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ.

ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ. ಎರಡು ಪುಲ್ಲಿಗಳೂ ಅವುಗಳ ಮೇಲಿನ ಕಾಗ್ ಕೂಡ ಒಂದೇ ಗೆರೆಯಲ್ಲಿರಬೇಕು. ಕೆಳಗಿನ ಪುಲ್ಲಿ ಚಕ್ರದ ಕಡ್ಡಿಗಳ ಕಡೆ ಓರೆಯಾಗಿದ್ದರೆ ಹ್ಯಾಂಗರ್ ಬಾಗಿದೆ. ಸರಿಯಾದ ಅಳತೆಗೆ ಹ್ಯಾಂಗರ್ ಗೇಜ್ ಬೇಕು. ಡಿರೇಲರ್ ಬಿಚ್ಚಿ ಅದರ ಥ್ರೆಡ್ಡಿಗೆ ಗೇಜ್ ಸಿಕ್ಕಿಸಿ, ರಿಮ್ಮಿನ ಮೇಲೆ, ಕೆಳಗೆ, ಹಿಂದೆ, ಮುಂದೆ ದೂರ ನೋಡುತ್ತಾರೆ. ವ್ಯತ್ಯಾಸ 4 ಮಿ.ಮೀ. ಒಳಗಿದ್ದರೆ ಸಾಕು. ಒಂದು ಸಲ ಮಾಡಿಸುವುದಕ್ಕಾಗಿ ಗೇಜ್ ಕೊಳ್ಳಬೇಕಿಲ್ಲ, ಒಳ್ಳೇ ಅಂಗಡಿಯಲ್ಲಿ ಇದು ಹತ್ತು ನಿಮಿಷದ ಕೆಲಸ. ಒಂದೇ ಮಾತು: ಇಕ್ಕಳ ಹಾಕಿ ಬಗ್ಗಿಸುವವರ ಕೈಗೆ ಮಾತ್ರ ಕೊಡಬೇಡಿ. ಎರಡು ಮೂರು ಸಲ ಬಗ್ಗಿಸಿದ ಹ್ಯಾಂಗರ್ ಮುರಿಯುತ್ತದೆ, ಹೊಸದು ತರಿಸಿ. ಫ್ರೇಮಿಗೊಂದು ಆಕಾರ ಇರುವುದರಿಂದ ಹಳೆಯದನ್ನು ಜೊತೆಗೆ ಒಯ್ಯುವುದು ಜಾಣತನ. ಈ ರಗಳೆ ಕಡಿಮೆ ಮಾಡಲೆಂದೇ ಸ್ರ್ಯಾಮ್ 2019ರಲ್ಲಿ ಯುಡಿಹೆಚ್ ಎಂಬ ಒಂದೇ ನಮೂನೆಯ ಹ್ಯಾಂಗರ್ ತಂದದ್ದು.

ಇನ್ನೂ ಒಂದು ಮಾತು, ಬರೆಯಲು ನಾಚಿಕೆಯಾಗುತ್ತದೆ. ಹಿಂದಿನ ಚಕ್ರ, ಅದರ ಅಚ್ಚು ಕೂರುವ ಫ್ರೇಮಿನ ಕಚ್ಚಿನಲ್ಲಿ, ಅಂದರೆ ಡ್ರಾಪ್‌ಔಟಿನಲ್ಲಿ ಪೂರ್ತಿ ಕೂತಿದೆಯೇ ನೋಡಿ. ಓರೆ ಕೂತ ಚಕ್ರಕ್ಕೆ ಗೇರ್ ಹೊಂದಿಸುತ್ತಾ ಇಡೀ ಮಧ್ಯಾಹ್ನ ಕಳೆದವನು ನಾನು.

ಕೂರಿಸುವಾಗ

ಡಿರೇಲರಿನ ಬೋಲ್ಟಿಗೆ ಚೂರು ಗ್ರೀಸ್ ಹಚ್ಚಿ, ಮೊದಲ ಎರಡು ಮೂರು ಸುತ್ತನ್ನು ಬೆರಳಲ್ಲೇ ತಿರುಗಿಸಿ. ಹ್ಯಾಂಗರಿನ ಥ್ರೆಡ್ ಮೆದು, ಓರೆ ಹಿಡಿದರೆ ಎರಡನೇ ಸಲ ಹಿಡಿಯುವುದಿಲ್ಲ. ಮೇಲ್ಭಾಗದಲ್ಲಿ ಬಿ ಸ್ಕ್ರೂ (ಪುಲ್ಲಿಗೂ ಕಾಗಿಗೂ ನಡುವಿನ ದೂರ ಹೊಂದಿಸುವುದು) ತುದಿ ಒತ್ತಿ ನಿಲ್ಲುವ ಒಂದು ತಟ್ಟೆ ಇದೆ. ಅದು ಹ್ಯಾಂಗರಿನ ಮೆಟ್ಟಿಲಿನ ಹಿಂದೆ ಬರಬೇಕು. ಡಿರೇಲರನ್ನು ಹಿಂದಕ್ಕೆ ಓಲಿಸಿ ಹಿಡಿದು ಬೋಲ್ಟ್ ತಿರುಗಿಸಿದರೆ ತಾನಾಗಿ ಬರುತ್ತದೆ. ನೇರವಾಗಿ ಹಿಡಿದು ಬಿಗಿದರೆ ತಟ್ಟೆ ಹ್ಯಾಂಗರಿಗೂ ಡಿರೇಲರಿಗೂ ನಡುವೆ ಸಿಕ್ಕಿ ಬಾಗುತ್ತದೆ, ಡಿರೇಲರ್ ಓರೆಯಾಗಿ ಕೂರುತ್ತದೆ, ಆಮೇಲೆ ಬಿ ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. 5 ಮಿ.ಮೀ. ಅಲೆನ್ ಕೀಯಲ್ಲಿ 8ರಿಂದ 10 ನ್ಯೂಟನ್ ಮೀಟರ್ ಬಿಗಿತ ಸಾಕು. ಟಾರ್ಕ್ ವ್ರೆಂಚ್ ಇಲ್ಲದವರು ಗಿಡ್ಡ ಕೀ ಹಿಡಿದು ಮಣಿಕಟ್ಟಿನ ಬಲದಲ್ಲಿ ಬಿಗಿಯಿರಿ, ಭುಜ ಬೇಡ. ಕ್ಯಾಸೆಟ್ಟನ್ನು ಬಿಗಿದಿಡುವ ಲಾಕ್‌ರಿಂಗಿಗೆ ಮಾತ್ರ ಭುಜವೂ ಬೇಕು, ಅದು 40ರ ಆಸುಪಾಸು.

ಚೈನು

ಹಳೇ ಚೈನಿನ ಕೊಂಡಿ ಎಣಿಸಿ ಹೊಸದನ್ನು ಕತ್ತರಿಸಬೇಡಿ. ಹಳೇ ಕ್ಯಾಸೆಟ್ಟಿನ ದೊಡ್ಡ ಕಾಗ್ 32 ಅಥವಾ 34 ಹಲ್ಲಿನದು, ಈಗಿನದು 46. ಡಿರೇಲರಿಗೆ ಹಾಯಿಸದೆ, ಮುಂದಿನ ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಕಾಗ್ ಸುತ್ತ ಚೈನು ಎಳೆದು ಹಿಡಿಯಿರಿ. ತುದಿಗಳು ಸೇರುವ ಜಾಗದಿಂದ ಕನಿಷ್ಠ ಒಂದು ಇಂಚು, ಅಂದರೆ ಒಂದು ಒಳಕೊಂಡಿ ಮತ್ತು ಒಂದು ಹೊರಕೊಂಡಿ, ಹೆಚ್ಚಿಗೆ ಬಿಟ್ಟು ಕತ್ತರಿಸಿ. ಹಿಂದೆ ಸಸ್ಪೆನ್ಷನ್ ಇರುವ ಸೈಕಲ್ಲಾದರೆ ಶಾಕಿನ ಗಾಳಿ ಬಿಟ್ಟು, ಪೂರ್ತಿ ಒತ್ತಿದ ಸ್ಥಿತಿಯಲ್ಲಿ ಅಳೆಯಬೇಕು. ಚೈನು ಗಿಡ್ಡವಾದರೆ ದೊಡ್ಡ ಕಾಗಿಗೆ ಹಾಕಿದ ದಿನ ಡಿರೇಲರೂ ಹ್ಯಾಂಗರೂ ಒಟ್ಟಿಗೆ ಕಿತ್ತು ಬರುತ್ತವೆ. ಉದ್ದವಾದರೆ ಚಿಕ್ಕ ಕಾಗಿನಲ್ಲಿ ಜೋತು ಬೀಳುತ್ತದೆ, ಅಷ್ಟೆ. ಅನುಮಾನವಿದ್ದರೆ ಉದ್ದವೇ ಇರಲಿ.

ಹಾಯಿಸುವ ಮೊದಲು ಡಿರೇಲರಿನ ಕ್ಲಚ್ ಲಿವರ್ ಆಫ್ ಮಾಡಿ, ಪುಲ್ಲಿಗಳಿರುವ ಕೇಜ್ ಸಲೀಸಾಗಿ ಬಗ್ಗುತ್ತದೆ. ಕೆಲಸ ಮುಗಿದ ಮೇಲೆ ಆನ್ ಮಾಡಲು ಮರೆತರೆ ಕಲ್ಲುದಾರಿಯಲ್ಲಿ ಚೈನು ಫಟಫಟ ಬಡಿಯುತ್ತಾ ನೆನಪಿಸುತ್ತದೆ. ಬರಹ ಇರುವ ಮಗ್ಗುಲು ಹೊರಗೆ ಬರಲಿ. ಕ್ವಿಕ್ ಲಿಂಕ್ ಬಿಗಿಯುವ ಮೊದಲು ಆ ಲೋಹದ ಕಿವಿಯನ್ನು ಬೆರಳಲ್ಲಿ ಮುಟ್ಟಿ ನೋಡಿ.

ಈಗ ಸ್ಕ್ರೂ

ಹೆಚ್ ಸ್ಕ್ರೂ ಒಂದನ್ನು ಮಾತ್ರ ಕೇಬಲಿಗಿಂತ ಮೊದಲೇ ಹೊಂದಿಸಬೇಕು, ಹಾಗಾಗಿ ಕೇಬಲ್ ಇನ್ನೂ ಸಿಕ್ಕಿಸಬೇಡಿ. ಕೇಬಲ್ ಇಲ್ಲದಾಗ ಡಿರೇಲರ್ ತಾನಾಗಿ ಅತಿ ಚಿಕ್ಕ ಕಾಗ್ ಕಡೆ ಹೋಗಿ ನಿಲ್ಲುತ್ತದೆ, ಎಲ್ಲಿ ನಿಲ್ಲಬೇಕೆಂದು ಹೇಳುವುದು ಹೆಚ್ ಸ್ಕ್ರೂ. ಹಿಂದಿನಿಂದ ನೋಡಿದರೆ ಮೇಲಿನ ಪುಲ್ಲಿ ಅತಿ ಚಿಕ್ಕ ಕಾಗಿನ ಹೊರ ಅಂಚಿನ ನೇರಕ್ಕೆ ಬರಬೇಕು. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಪುಲ್ಲಿ ಒಳಕ್ಕೆ ಬರುತ್ತದೆ. ಈ ಹೊಂದಿಕೆಗೆ ಎರಡು ನಿಮಿಷ ಸಾಕು. ಐದು ನಿಮಿಷವಾದರೂ ಬಾರದಿದ್ದರೆ ಮತ್ತೆ ಹ್ಯಾಂಗರ್ ನೋಡಿ.

ಇನ್ನು ಕೇಬಲ್. ಇದಕ್ಕೆ ಜನ ಕೊಡಬೇಕಾದಷ್ಟು ಮರ್ಯಾದೆ ಕೊಡುವುದಿಲ್ಲ. ಗೇರ್ ಕೇಬಲಿನ ಔಟರಿನೊಳಗೆ, ಅಂದರೆ ಹೊರ ಪೈಪಿನೊಳಗೆ, ತಂತಿಗಳು ಉದ್ದಕ್ಕೆ ಮಲಗಿರುತ್ತವೆ, ಹಾಗಾಗಿ ಒತ್ತಿದರೆ ಕುಗ್ಗುವುದಿಲ್ಲ. ಬ್ರೇಕಿನ ಔಟರ್ ಸ್ಪ್ರಿಂಗಿನ ಹಾಗೆ ಸುತ್ತಿದ್ದು, ಎಳೆದಾಗಲೆಲ್ಲ ಕುಗ್ಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಕಪ್ಪು ಪೈಪೇ. "ಎರಡೂ ಒಂದೇ" ಎಂದು ಬ್ರೇಕ್ ಔಟರ್ ಹಾಕಿಕೊಟ್ಟ ಅಂಗಡಿಯನ್ನೂ ಕಂಡಿದ್ದೇನೆ, ಆ ಸೈಕಲ್ಲಿನ ಗೇರನ್ನು ದೇವರು ಬಂದರೂ ಹೊಂದಿಸಲಾರ. ಔಟರ್ ಕತ್ತರಿಸಿದ ಮೇಲೆ ಒಳಗಿನ ಪ್ಲಾಸ್ಟಿಕ್ ನಳಿಗೆ ಚಪ್ಪಟೆಯಾಗಿರುತ್ತದೆ. ದಬ್ಬಣದ ಮೊನೆ ತೂರಿಸಿ ಮತ್ತೆ ಗುಂಡಗೆ ಮಾಡಿ, ಆಮೇಲೆ ಕ್ಯಾಪ್ ಹಾಕಿ. ಡಿರೇಲರಿಗೆ ಇಳಿಯುವ ಕೊನೆಯ ತುಂಡು ದೊಡ್ಡ ಸುಲಭದ ಬಾಗಿನಲ್ಲಿ ಬರಲಿ. ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಎಲ್ಲೂ ಬಿಗಿಯಬಾರದು.

ಶಿಫ್ಟರನ್ನು ಅತಿ ಚಿಕ್ಕ ಕಾಗಿನ ಸ್ಥಾನಕ್ಕೆ ತನ್ನಿ. ಇನ್ನೇನು ಕ್ಲಿಕ್ಕೇ ಇಲ್ಲ ಅನ್ನುವವರೆಗೂ ಒತ್ತಿ. ಒಂದು ಕ್ಲಿಕ್ ಉಳಿಸಿಕೊಂಡು ಕೇಬಲ್ ಕಟ್ಟಿದರೆ ಹತ್ತರಲ್ಲಿ ಒಂಬತ್ತೇ ಗೇರ್ ಸಿಗುತ್ತದೆ, ಇನ್ನೊಂದು ಎಲ್ಲಿ ಹೋಯಿತೆಂದು ಎಲ್ ಸ್ಕ್ರೂ (ದೊಡ್ಡ ಕಾಗ್ ಕಡೆಯ ಮಿತಿಯದು) ಸಡಿಲಿಸಲು ಹೊರಡುತ್ತೀರಿ. ಶಿಫ್ಟರಿನ ಬುಡದಲ್ಲಿ ಕೇಬಲಿನ ಬಿಗಿ ಹೊಂದಿಸಲು ಇರುವ ಬ್ಯಾರೆಲ್ ಅನ್ನು ಪೂರ್ತಿ ಒಳಗೆ ತಿರುಗಿಸಿ ಒಂದು ಸುತ್ತು ಹೊರಗೆ ತನ್ನಿ. ಕೇಬಲನ್ನು ಕೈಯಲ್ಲೇ ಎಳೆದು ಹಿಡಿದು 6–7 ನ್ಯೂಟನ್ ಮೀಟರಿಗೆ ಬಿಗಿಯಿರಿ. ಡಿರೇಲರಿನಲ್ಲಿ ಕೇಬಲ್ ಕೂರಲು ಸಣ್ಣ ಕಚ್ಚು ತೋಡಿರುತ್ತಾರೆ. ಬೋಲ್ಟಿನ ಆಚೆ ಮಗ್ಗುಲಿಗೆ ಸಿಕ್ಕಿಸಿದರೂ ಹಿಡಿಯುವುದೇನೋ ಹಿಡಿಯುತ್ತದೆ, ಆದರೆ ಎಳೆತದ ಲೆಕ್ಕ ತಪ್ಪುತ್ತದೆ, ಮೇಲೆ ಗುಣಿಸಿದ್ದೆಲ್ಲ ಸುಳ್ಳಾಗುತ್ತದೆ.

ಒಂದು ಕ್ಲಿಕ್ ಒತ್ತಿ. ಚೈನು ಎರಡನೇ ಕಾಗಿಗೆ ಏರದಿದ್ದರೆ ಬ್ಯಾರೆಲ್ ಕಾಲು ಸುತ್ತು ಹೊರಕ್ಕೆ, ಅಂದರೆ ಕೇಬಲ್ ಇನ್ನಷ್ಟು ಬಿಗಿ. ಮೂರನೆಯದಕ್ಕೆ ಉಜ್ಜುತ್ತಿದ್ದರೆ ಒಳಕ್ಕೆ.

ಎಲ್ ಸ್ಕ್ರೂ ಡಿರೇಲರ್ ಕಡ್ಡಿಗಳೊಳಗೆ ನುಗ್ಗದಂತೆ ತಡೆಯುವ ಕಾವಲುಗಾರ. ಇದನ್ನು ಪರೀಕ್ಷಿಸುವಾಗ ಪೆಡಲ್ ನಿಧಾನ ತಿರುಗಿಸಿ, ಒಂದು ಕೈ ಡಿರೇಲರ್ ಮೇಲಿರಲಿ. ದೊಡ್ಡ ಕಾಗಿನಲ್ಲಿದ್ದಾಗ ಡಿರೇಲರನ್ನು ಕೈಯಿಂದ ಒಳಕ್ಕೆ ತಳ್ಳಿದರೂ ಚೈನು ಕಾಗ್ ದಾಟಬಾರದು. ದಾಟಿದರೆ ಪ್ರದಕ್ಷಿಣೆಯಾಗಿ ಬಿಗಿಸಿ. ದೊಡ್ಡ ಕಾಗಿಗೆ ಏರುವುದೇ ಇಲ್ಲವೆಂದರೆ ಮೊದಲು ಕೇಬಲಿನ ಬಿಗಿ ನೋಡಿ, ಆಮೇಲೆ ಈ ಸ್ಕ್ರೂ ಸಡಿಲಿಸಿ.

ಬಿ ಸ್ಕ್ರೂ ಮೇಲಿನ ಪುಲ್ಲಿಗೂ ಕಾಗಿಗೂ ನಡುವಿನ ದೂರದ್ದು. 46 ಹಲ್ಲಿನಲ್ಲಿ ಚೈನು ಇಟ್ಟು, ನಾನು 6 ಮಿ.ಮೀ. ಅಲೆನ್ ಕೀಯನ್ನೇ ನಡುವೆ ತೂರಿಸಿ ಅಳೆಯುತ್ತೇನೆ. ಶಿಮಾನೊ 12 ಸ್ಪೀಡಿನ ಡಿರೇಲರಿನಲ್ಲಿ ಕೇಜಿನ ಹಿಂದೆ ಗೆರೆಯನ್ನೇ ಕೊರೆದಿರುತ್ತಾರೆ, ದೊಡ್ಡ ಕಾಗಿನ ಹಲ್ಲಿನ ತುದಿ ಆ ಗೆರೆಗೆ ಬಂದರೆ ಸರಿ. ಸಸ್ಪೆನ್ಷನ್ ಸೈಕಲ್ಲಿಗೆ ಇದನ್ನು ಯಾರಾದರೂ ಮೇಲೆ ಕೂತಾಗಲೇ ನೋಡಬೇಕು. ದೂರ ಕಡಿಮೆಯಾದರೆ ದೊಡ್ಡ ಕಾಗಿನಲ್ಲಿ ಗರಗರ, ಹೆಚ್ಚಾದರೆ ಚಿಕ್ಕ ಕಾಗ್‌ಗಳಲ್ಲಿ ಗೇರ್ ಸೋಮಾರಿ.

ಸದ್ದು ಕೇಳಿ ರೋಗ ಹಿಡಿಯುವುದು

ಇಷ್ಟಾದರೂ ತಕರಾರಿದ್ದರೆ, ಯಾವ ಗೇರಿನಲ್ಲಿ, ಯಾವ ದಿಕ್ಕಿಗೆ ಬದಲಿಸುವಾಗ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಚಿಕ್ಕದರಿಂದ ದೊಡ್ಡದಕ್ಕೆ ಏರಲು ಮಾತ್ರ ತಡವರಿಸಿದರೆ ಕೇಬಲ್ ಸಡಿಲ. ಇಳಿಯಲು ಮಾತ್ರ ತಡವಾದರೆ ಕೇಬಲ್ ಬಿಗಿ, ಇಲ್ಲವೇ ಔಟರಿನೊಳಗೆ ಎಲ್ಲೋ ಹಿಡಿಯುತ್ತಿದೆ. ಇಳಿಸುವ ಕೆಲಸ ಸ್ಪ್ರಿಂಗಿನದು, ಅದಕ್ಕೆ ಶಿಫ್ಟರಿನಷ್ಟು ಬಲವಿಲ್ಲ. ಏರುವುದು ಇಳಿಯುವುದು ಎರಡೂ ತಡವೆಂದರೆ, ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆಂದರೆ, ಹೊಸ ಔಟರ್ ಹಾಕಿ.

ಮೊದಲ ಎರಡು ಗೇರ್ ಚೆನ್ನಾಗಿದ್ದು, ಮುಂದೆ ಮುಂದೆ ಹೋದ ಹಾಗೆ ತಪ್ಪು ಬೆಳೆಯುತ್ತಾ ಹೋದರೆ ಶಿಫ್ಟರ್ ಡಿರೇಲರ್ ಹೊಂದುತ್ತಿಲ್ಲ, ಇಲ್ಲವೇ ಕೇಬಲ್ ಬೋಲ್ಟಿನ ತಪ್ಪು ಮಗ್ಗುಲಿನಲ್ಲಿದೆ. ಎರಡು ತುದಿಗಳಲ್ಲಿ ಸರಿಯಿದ್ದು ನಡುವೆ ಗೊಣಗಿದರೆ ನನ್ನ ಅನುಮಾನ ಹ್ಯಾಂಗರಿನ ಮೇಲೆ.

ಟಕ್, ಟಕ್ ಎಂದು ಬಿಟ್ಟು ಬಿಟ್ಟು ಬರುವ ಸದ್ದು ಎಲ್ಲಾ ಗೇರಿನಲ್ಲೂ ಇದ್ದರೆ ಚೈನಿನ ಒಂದು ಕೊಂಡಿ ಬಿಗಿಯಾಗಿದೆ. ಪೆಡಲ್ ಹಿಂದಕ್ಕೆ ನಿಧಾನ ತಿರುಗಿಸುತ್ತಾ ಕೆಳಗಿನ ಪುಲ್ಲಿ ನೋಡುತ್ತಿರಿ, ಆ ಕೊಂಡಿ ಬಂದಾಗ ಕೇಜ್ ಬೆಚ್ಚಿಬಿದ್ದ ಹಾಗೆ ಹಾರುತ್ತದೆ. ಆ ಜಾಗವನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಡ್ಡಕ್ಕೆ ಮೆಲ್ಲಗೆ ಬಗ್ಗಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ದೊಡ್ಡ ಕಾಗಿನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದರೆ ಚೈನು ಕೆಳಗಿನ ಕಾಗಿಗೆ ಜಾರುತ್ತದೆಯೇ? ಮೂರು ರಿಂಗಿನ ಕ್ರ್ಯಾಂಕನ್ನು ಒಂದು ರಿಂಗ್ ಮಾಡಿದವರ ಸಾಮಾನ್ಯ ದೂರು ಇದು. ಡಿರೇಲರಿಗೂ ಇದಕ್ಕೂ ಸಂಬಂಧವಿಲ್ಲ, ರಿಂಗ್ ಹೊರಕ್ಕಿದೆ. ನಡುವಿನ ರಿಂಗಿನ ಜಾಗದಲ್ಲೇ ಕೂರಿಸಿದ್ದೀರಾ ನೋಡಿ. ಕೂರಿಸಿದ್ದರೆ ಚೂರುಪಾರು ಜಾರುವುದನ್ನು ನಾನಂತೂ ಒಪ್ಪಿಕೊಂಡಿದ್ದೇನೆ, ಹತ್ತುವಾಗ ಯಾರೂ ಹಿಂದಕ್ಕೆ ತುಳಿಯುವುದಿಲ್ಲ.

ತೂಗುಹಾಕಿದಾಗ ಬೆಣ್ಣೆಯ ಹಾಗಿದ್ದು ದಾರಿಯಲ್ಲಿ ಹಾರುವ ಗೇರು ಬೇರೆ ಬಗೆ. ತುಳಿತದ ಭಾರ ಬಿದ್ದಾಗ ಸಡಿಲವಿರುವುದೆಲ್ಲ ಅಲುಗುತ್ತದೆ. ಕ್ಯಾಸೆಟ್ಟಿನ ದೊಡ್ಡ ಕಾಗ್ ಹಿಡಿದು ಅಲುಗಾಡಿಸಿ, ಹಬ್ಬು ಸಡಿಲವಿದೆಯೇ ನೋಡಿ, ಹ್ಯಾಂಗರಿನ ಪುಟ್ಟ ಬೋಲ್ಟುಗಳನ್ನು ನೋಡಿ. ನನ್ನ ಸೈಕಲ್ಲಿನಲ್ಲಿ ಒಮ್ಮೆ ಆ ಬೋಲ್ಟೇ ಅರ್ಧ ಸುತ್ತು ಸಡಿಲವಾಗಿತ್ತು.

ಮೊದಲ ಸವಾರಿಗೆ ಮನೆ ಹತ್ತಿರದ ಒಂದು ಏರನ್ನೇ ಆರಿಸಿಕೊಳ್ಳಿ, 5 ಮಿ.ಮೀ. ಅಲೆನ್ ಕೀ ಜೇಬಿನಲ್ಲಿರಲಿ. ಒಂದೊಂದೇ ಗೇರ್ ಏರಿಸಿ ಇಳಿಸಿ. ಎರಡು ಮೂರು ಸವಾರಿಯೊಳಗೆ ಔಟರಿನ ತುದಿಗಳು ಕ್ಯಾಪಿನಲ್ಲಿ ಗಟ್ಟಿ ಕೂತು ಕೇಬಲ್ ತುಸು ಸಡಿಲವಾಗುತ್ತದೆ, ಆಗ ಬ್ಯಾರೆಲ್ ಅರ್ಧ ಸುತ್ತು ಹೊರಕ್ಕೆ ತಿರುಗಿಸಿದರೆ ಮುಗಿಯಿತು. ಕೇಬಲಿನ ತುದಿ ಎರಡು ಇಂಚು ಬಿಟ್ಟು ಕತ್ತರಿಸಿ ಟೊಪ್ಪಿ ಹಾಕುವ ಕೆಲಸವನ್ನು ನಾನು ಅಲ್ಲಿಯವರೆಗೂ ಬಾಕಿ ಇಟ್ಟುಕೊಳ್ಳುತ್ತೇನೆ.